ಅಲುಗುವ ಹಲಗೆ ಹತ್ತುವ ಮುಂಚೆ

ಹೊಗೆಸೊಪ್ಪಿನ ಹೊಲದಲ್ಲಿ ಬಗ್ಗಿ ದುಡಿದವರ ಮಂಡಿನೋವು ಹುಣಸೂರಿನ ಸುತ್ತಮುತ್ತ ಯಾರ ಮನೆಯಲ್ಲಿಲ್ಲ? ಸುನಂದಮ್ಮನವರಿಗೂ ಅದೇ ನೋವು. ಪೇಟೆಯಲ್ಲಿ ಎಸ್‌ಟಿಡಿ ಬೂತಿನ ಪಕ್ಕ ಮೈ ಅಲುಗಿಸುವ ಯಂತ್ರವಿರುವ ವ್ಯಾಯಾಮ ಕೇಂದ್ರ ಶುರುವಾದ ಮೇಲೆ ಅವರು ಆಗಾಗ ಬಸ್ಸು ಹತ್ತಿ ಹೋಗಿ ಬರುತ್ತಿದ್ದರು. ಯಂತ್ರವೆಂದರೆ ತೂಕ ನೋಡುವ ಯಂತ್ರದಂಥ ಒಂದು ಹಲಗೆ. ಮಂಡಿ ತುಸು ಬಗ್ಗಿಸಿ ಅದರ ಮೇಲೆ ನಿಂತರೆ ಅಂಗಾಲಿನಿಂದ ಸೊಂಟದವರೆಗೆ ಗುಂಯ್ ಎಂದು ನಡುಗುತ್ತದೆ. ಇಳಿದ ಮೇಲೆ ಕಾಲು ಹಗುರ ಎನ್ನುತ್ತಿದ್ದರು.

ಸೊಸೆ ರಮ್ಯ ಕೆಲವು ದಿನಗಳಿಂದ ಸೊರಗಿದ್ದಳು. ನೀರಿನ ಕೊಡ ಎತ್ತಿ, ಹಾಗೇ ಇಳಿಸಿ ನಿಂತುಬಿಡುತ್ತಿದ್ದಳು. ಅದನ್ನು ಕಂಡ ಸುನಂದಮ್ಮ ಕೊಡವನ್ನು ತಾವೇ ಹೊತ್ತರು. ಹಲಗೆ ಹತ್ತಿದರೆ ಮೈಗೆ ಬಲ ಬರುತ್ತದೆಂದು ಮಾರನೆಯ ದಿನ ಅವಳನ್ನೂ ಪೇಟೆಗೆ ಹೊರಡಿಸಿದರು.

ರಮ್ಯ ಎರಡು ತಿಂಗಳ ಬಸುರಿ. ಹೋದ ವರ್ಷ ಬಸಿರಾದದ್ದು ಊರಿಗೆಲ್ಲ ಗೊತ್ತಾಗಿತ್ತು. ಗರ್ಭ ಹೋದದ್ದೂ ಗೊತ್ತಾಯಿತು. ಈ ಸಲ ಮೂರು ತಿಂಗಳು ತುಂಬುವ ತನಕ ಅತ್ತೆಗೂ ಹೇಳಕೂಡದೆಂದು ತಾಯಿ ಆಣೆ ಹಾಕಿಸಿದ್ದರು. ಮನೆಯಲ್ಲಿ ಗೊತ್ತಿದ್ದವನು ಗಂಡ ಶಿವಶಂಕರನೊಬ್ಬನೇ. ಅವನು ಬೆಳಗ್ಗೆಯೇ ಹೊಗೆಸೊಪ್ಪಿನ ಹರಾಜಿಗೆ ಹೋಗಿದ್ದ. ಹೊಟ್ಟೆನೋವು ಎಂದರೆ ಅತ್ತೆ ಗಾಬರಿಯಾಗುತ್ತಾರೆ, ಕೆಲಸವಿದೆ ಎಂದರೆ ನಗುತ್ತಾರೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನೆಪ ಹುಡುಕಿದಳು, ಒಂದೂ ಹೊಳೆಯಲಿಲ್ಲ.

ಕೇಂದ್ರ ನೋಡಿಕೊಳ್ಳುತ್ತಿದ್ದ ರಾಣಿ ಮೈಸೂರಿನಲ್ಲಿ ಫಿಸಿಯೋಥೆರಪಿ ಓದಿದ ಹುಡುಗಿ. ಹೊಸಬರನ್ನು ವಿಚಾರಿಸದೆ ಯಂತ್ರ ಹತ್ತಿಸುತ್ತಿರಲಿಲ್ಲ. ಆಪರೇಷನ್ ಆಗಿದೆಯೇ, ಮೂಳೆ ಮುರಿದಿತ್ತೇ, ಹೃದಯದ ತೊಂದರೆ ಇದೆಯೇ, ಬಸಿರೇ ಎಂದು ಎಲ್ಲರೆದುರೇ ಕೇಳಿದಳು. ಬೆಂಚಿನ ಮೇಲೆ ಅವರದೇ ಊರಿನ ಚಿಕ್ಕಬೀರಮ್ಮ ಕುಳಿತಿದ್ದಳು. ರಮ್ಯ ಎಲ್ಲಕ್ಕೂ ಇಲ್ಲವೆಂದು ತಲೆಯಾಡಿಸಿದಳು.

“ಅದ್ಯಾಕವ್ವ ಪೊಲೀಸ್ನೋರಂಗೆ ಕೇಳ್ತೀಯ? ಟ್ರ್ಯಾಕ್ಟ್ರು ಮೇಲೆ ಕುಂತ್ಕಂಡು ಓಡಾಡೋ ಜನ ಕಣವ್ವ ನಾವು. ಇದ್ಯಾವ ಮಹಾ ಅಲುಗಾಟ,” ಎಂದರು ಸುನಂದಮ್ಮ.

ರಮ್ಯ ಹಲಗೆಯ ಮೇಲೆ ಒಂದು ಕಾಲಿಟ್ಟಳು. ಅವಳಿಗೇ ಅರಿವಿಲ್ಲದೆ ಕೈ ಕಿಬ್ಬೊಟ್ಟೆಗೆ ಹೋಯಿತು. ಗುಂಡಿ ಒತ್ತಲು ಹೋದ ರಾಣಿಯ ಬೆರಳು ನಿಂತಿತು. ಪಾದ ನೋಡಬೇಕು ಎಂದು ಹೇಳಿ ಅವಳನ್ನು ಒಳಕೋಣೆಗೆ ಕರೆದೊಯ್ದಳು.

“ಎಷ್ಟು ತಿಂಗಳು?” ಎಂದಳು ಮೆಲ್ಲಗೆ.

ರಮ್ಯ ಅಳುತ್ತಲೇ ಎಲ್ಲವನ್ನೂ ಹೇಳಿದಳು. ರಾಣಿ ಕುಡಿಯಲು ನೀರು ಕೊಟ್ಟು ಪಕ್ಕದಲ್ಲಿ ಕುಳಿತಳು.

“ಡಾಕ್ಟರು ಮಂಡಿ ಕೆಳಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿದರೆ ಕಾಲು ತಾನೇ ಒದೆಯುತ್ತಲ್ಲ, ಹಾಗೇ ಇದು. ಹಲಗೆ ನಡುಗಿದಾಗ ಕಾಲಿನ ಸ್ನಾಯು ತಾನಾಗಿ ಬಿಗಿಯುತ್ತೆ. ಕಾಲಿಗೆ ಅದು ಕಸರತ್ತು. ಹೊಟ್ಟೆಯಲ್ಲಿರೋ ಮಗೂಗೆ ಏನಾಗುತ್ತೋ ಸರಿಯಾಗಿ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಅಂದ ಮೇಲೆ ಹತ್ತಿಸಬಾರದು. ನಿಮ್ಮತ್ತೆಗೆ ಏನು ಹೇಳಲಿ?”

ರಮ್ಯ ಕಣ್ಣೊರೆಸಿಕೊಂಡಳು. ತಾನೇ ಬಾಗಿಲಿಗೆ ಹೋಗಿ ಅತ್ತೆಯನ್ನು ಒಳಗೆ ಕರೆದು, ಕಿವಿಯಲ್ಲಿ ಹೇಳಿದಳು.

ಸುನಂದಮ್ಮ ಸ್ಟೂಲಿನ ಮೇಲೆ ಕುಳಿತು ಸೊಸೆಯ ಕೈ ಹಿಡಿದರು.

“ನಾನೇ ಕೈ ಹಿಡ್ಕಂಡು ನಿನ್ನ ಅದ್ರ ಮೇಲೆ ನಿಲ್ಲಿಸ್ತಿದ್ನಲ್ಲೇ.”

“ಅವ್ವ ಆಣೆ ಹಾಕ್ಸಿದ್ಲು ಅತ್ತೆ.”

“ಆಣೆ ನನ್ನ ಮೇಲಿರ್ಲಿ ಬುಡು. ನೀನು ಅಳಬ್ಯಾಡ.”

ಆಮೇಲೆ ತಮ್ಮ ಮಂಡಿಯ ಸಂಗತಿ ಕೇಳಿದರು. ರಾಣಿ ಮುಚ್ಚುಮರೆ ಮಾಡಲಿಲ್ಲ. ಯಂತ್ರದಿಂದ ಕೆಲವರ ಕಾಲಿಗೆ ಕೊಂಚ ಬಲ ಬರಬಹುದು, ಇಳಿದಾಗಿನ ಹಗುರ ಬಹಳ ಹೊತ್ತು ಉಳಿಯದೆಯೂ ಇರಬಹುದು, ಸವೆದ ಮಂಡಿಯನ್ನು ಅದು ಹೊಸದು ಮಾಡುವುದಿಲ್ಲ ಎಂದಳು. ದಿನಾ ನಡೆಯುವುದು, ಕುರ್ಚಿಯಿಂದ ಎದ್ದು ಕೂರುವ ಕಸರತ್ತು ಇವನ್ನು ಬಿಡಬೇಡಿ, ಮಂಡಿಯನ್ನು ಡಾಕ್ಟರಿಗೂ ತೋರಿಸಿ ಎಂದಳು. ಸುನಂದಮ್ಮ ಆ ದಿನ ಹಲಗೆ ಹತ್ತಲಿಲ್ಲ. ಸೊಸೆಯನ್ನು ನೇರ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು, ಹೋದ ವರ್ಷದ ಸಂಗತಿಯನ್ನೂ ತಿಳಿಸಿ, ಪರೀಕ್ಷೆ ಮಾಡಿಸಿದರು.

ಸಂಜೆ ಬಸ್ಸಿನಲ್ಲಿ ಹಿಂದಿನ ಸೀಟು ಮಾತ್ರ ಖಾಲಿ ಇತ್ತು. ಅಲ್ಲಿ ಕುಲುಕಾಟ ಜಾಸ್ತಿ. ಸುನಂದಮ್ಮ ಮುಂದೆ ಕುಳಿತಿದ್ದ ಒಬ್ಬರನ್ನು ಕೇಳಿಕೊಂಡು ರಮ್ಯಳಿಗೆ ಜಾಗ ಮಾಡಿಸಿ, ತಾವು ಪಕ್ಕದಲ್ಲೇ ಕಂಬಿ ಹಿಡಿದು ನಿಂತರು. ಅದೇ ಬಸ್ಸಿನಲ್ಲಿದ್ದ ಚಿಕ್ಕಬೀರಮ್ಮ ಏನಾಯಿತೆಂದು ವಿಚಾರಿಸಿದಾಗ, “ಪಿತ್ತ ಕಣವ್ವ, ತಲೆಸುತ್ತು,” ಎಂದು ಮಾತು ಮುಗಿಸಿದರು.

ಇದನ್ನು ಓದುವ, ಓದಿಸಿ ಕೇಳುವ ಅಕ್ಕತಂಗಿಯರೇ, ಅಲುಗುವ ಯಂತ್ರ ಹತ್ತುವ ಮುಂಚೆ ಡಾಕ್ಟರನ್ನು ಕೇಳಿ. ಬಸುರಿಯರು ಹತ್ತಬೇಡಿ. ಹೊಸದಾಗಿ ಆಪರೇಷನ್ ಆದವರು, ಮೂಳೆ ಮುರಿದವರು, ಎದೆಯಲ್ಲಿ ಪೇಸ್‌ಮೇಕರ್ ಯಂತ್ರ ಇಡಿಸಿಕೊಂಡವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು, ಮೂರ್ಛೆರೋಗ ಇರುವವರು ಡಾಕ್ಟರು ಒಪ್ಪದೆ ಹತ್ತಬೇಡಿ. ಯಾರೂ ಕೇಳದಿದ್ದರೆ ನೀವೇ ಹೇಳಿ. ಯಂತ್ರ ನಡೆಸುವವರೇ, ಹೆಣ್ಣುಮಕ್ಕಳನ್ನು ನಾಲ್ಕು ಜನರ ಎದುರು ಕೇಳಬೇಡಿ, ಒಳಗೆ ಕರೆದು ಕೇಳಿ. ಬಸಿರಿನ ಗುಟ್ಟು ಊರಿಗೆ ತಿಳಿಯಬೇಕಾಗಿಲ್ಲ. ಗುಂಡಿ ಒತ್ತುವವರ ಕಿವಿಗೆ ಬಿದ್ದರೆ ಸಾಕು.