ಪರವಾ ನಾಹಿ

ನನ್ನ ಮಾವನವರ ಭಾರತದಲ್ಲಿ ಲೋಕಸಭೆಗೆ ಐನೂರ ಐವತ್ತೊಂದು ಜನ ಗೆದ್ದು ಬಂದಿದ್ದರು. ನಮ್ಮ ನಿಮ್ಮ ಭಾರತದಲ್ಲಿರುವುದು ಐನೂರ ನಲವತ್ಮೂರು ಸೀಟು. ಉಳಿದ ಎಂಟು ಎಲ್ಲಿಂದ ಬಂದವು ಎಂದು ನಾನು ಕೇಳಿದ್ದು ಒಂದು ಭಾನುವಾರ ಬೆಳಿಗ್ಗೆ, ಕುಕ್ಕರ್ ಮೂರನೇ ಸೀಟಿ ಹೊಡೆಯುವ ಹೊತ್ತಿಗೆ.

“ಎಂಟು ಹೆಚ್ಚಾದ್ರ ಏನಾಯ್ತು ಅನೂ? ನನ್ನ ದೇಶದಾಗ ಜನಾ ಹೆಚ್ಚ ಇದ್ದಾರ.”

“ಅದೇ ದೇಶ, ಅದೇ ಜನಾ ಅಂತ ನೀವೇ ಎರಡನೇ ರಜಿಸ್ಟರ್‌ದಾಗ ಬರದೀರಿ, ಮಾಮಾ.”

ಮಾವ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. “ಹಂಗಾದ್ರ ವಿರೋಧ ಪಕ್ಷದವರ ಎಂಟು ಕಡಿಮಿ ಮಾಡು.”

ಹೀಗೆ ನಾನು ಒಂದು ಕೈಯಲ್ಲಿ ಸೌಟು ಹಿಡಿದುಕೊಂಡೇ, ಇನ್ನೊಂದು ಕೈಯಲ್ಲಿ ಮಾವನ ಪುಸ್ತಕ ಟೈಪ್ ಮಾಡುತ್ತ, ಎಂಟು ಜನ ಸಂಸದರನ್ನು ಮನೆಗೆ ಕಳಿಸಿದೆ. ಎರಡು ವರ್ಷದಿಂದ ನನ್ನ ಭಾನುವಾರಗಳೆಲ್ಲ ಹೀಗೇ ಹಾಳಾಗಿವೆ.

ಇದು ನನಗೆ ಹೇಗೆ ಗಂಟುಬಿತ್ತು ಎಂದು ಹೇಳಿಬಿಡುತ್ತೇನೆ. ನಾನು ಅನುರಾಧಾ, ತವರು ಬೀದರ್ ಜಿಲ್ಲೆಯ ಭಾಲ್ಕಿ. ಈಗ ನಾಶಿಕದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಗಂಡ ಓಂಕಾರ ನಾಶಿಕದಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಓದಿದವನು. ಕನ್ನಡ ಮಾತಾಡಿದರೆ ತಿಳಿಯುತ್ತದೆ, ಅಕ್ಷರ ತೋರಿಸಿದರೆ ಜಿಲೇಬಿ ಎನ್ನುತ್ತಾನೆ. ಹಾಗಾಗಿ ಮನೆಯಲ್ಲಿ ಕನ್ನಡ ಓದು ಬರಹ ಬಲ್ಲ ಸೊಸೆ ಬಂದಳೆಂದು ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ಮಾವ ಮನ್ಮಥಪ್ಪನವರು. ಮದುವೆಯಾದ ಎರಡನೇ ತಿಂಗಳಿಗೇ ಏಳು ದಪ್ಪ ರಜಿಸ್ಟರುಗಳನ್ನು ತಂದು ನನ್ನ ಮುಂದಿಟ್ಟು, “ಟೈಪ್ ಮಾಡು, ಪುಸ್ತಕ ಮಾಡ್ಸೋಣು” ಎಂದರು. ಪುಸ್ತಕದ ಹೆಸರು ‘ಆಗಬೇಕಾಗಿದ್ದ ಭಾರತ’. ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ, ‘ದೇಶದ ಕ್ಷಮೆ ಕೋರಿ, ಒಬ್ಬ ಮೂರ್ಖ ಗುಮಾಸ್ತ’ ಎಂದು ಬರೆದಿತ್ತು. ದೊಡ್ಡವರ ವಿನಯ ಎಂದುಕೊಂಡೆ. ಅವರು ಅದನ್ನು ಅಕ್ಷರಶಃ ನಂಬಿದ್ದಾರೆಂದು ಆಮೇಲೆ ತಿಳಿಯಿತು.

ನಡೆದದ್ದು ಇಷ್ಟು. ಮೂವತ್ತೈದು ವರ್ಷದ ಹಿಂದೆ ಮಾವ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ ವಿಶ್ವನಾಥಪ್ಪ ಸಾಹೇಬರ ಕಚೇರಿಯಲ್ಲಿ ಫೋನ್ ಎತ್ತುವ ಗುಮಾಸ್ತರಾಗಿದ್ದರು. ಸಾಹೇಬರು ಬೀದರ್ ಕಡೆಯಿಂದ ಬಂದು ಅಲ್ಲಿ ನೆಲೆನಿಂತು ಸಂಸದರಾದವರು. ಆ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ದೊಡ್ಡ ನಾಯಕರೆಲ್ಲ ಒಬ್ಬರ ಕಾಲು ಒಬ್ಬರು ಎಳೆಯುತ್ತ ಕೂತಾಗ, ಯಾರಿಗೂ ಬೇಡವಾಗದ ಮನುಷ್ಯ ಎಂದು ಪ್ರಧಾನಿ ಪಟ್ಟಕ್ಕೆ ನಮ್ಮ ಸಾಹೇಬರ ಹೆಸರು ಎದ್ದಿತು. ಒಂದು ಮಧ್ಯಾಹ್ನ ಪಕ್ಷದವರು ಮುಂಬಯಿಯಿಂದ ಫೋನ್ ಮಾಡಿ, ಸಾಹೇಬರು ನಾಳೆ ದಿಲ್ಲಿಯಲ್ಲಿರಬೇಕು ಎಂದು ಮರಾಠಿಯಲ್ಲಿ ಹೇಳಿ, ಕೊನೆಗೆ ಒಂದು ಮಾತು ಸೇರಿಸಿದರು: “ಉದ್ಯಾ ನಾಹಿ ಆಲೇ ತರ ಪರವಾ ನಾಹಿ.”

ಮರಾಠಿಯಲ್ಲಿ ಉದ್ಯಾ ಎಂದರೆ ನಾಳೆ, ಪರವಾ ಎಂದರೆ ನಾಡಿದ್ದು. ನಾಳೆ ಬರದಿದ್ದರೆ ನಾಡಿದ್ದು ಬಂದು ಉಪಯೋಗವಿಲ್ಲ ಎಂಬುದು ಅವರ ಮಾತಿನ ಅರ್ಥ. ತಮ್ಮೂರು ಜೇವರ್ಗಿ ಬಿಟ್ಟು ಮೂರೇ ತಿಂಗಳಾಗಿದ್ದ ಮಾವನ ಕಿವಿಗೆ ಅದು ನಮ್ಮ ‘ಪರವಾ ಇಲ್ಲ’ ಎಂದೇ ಬಿತ್ತು. ಒಳಗೆ ಓಡಿಹೋಗಿ, “ನಾಳಿ ದಿಲ್ಲಿಗಿ ಕರದಾರ್ರಿ ಸಾಹೇಬ್ರ, ಬರದಿದ್ರೂ ಪರವಾ ಇಲ್ಲಂತ” ಎಂದರು. ಮರುದಿನ ಸಾಹೇಬರು ದಿಲ್ಲಿಯ ವಿಮಾನ ಹತ್ತಲಿಲ್ಲ. ಸಿಲ್ಲೋಡಿಗೆ ಹೋಗಿ ಹತ್ತಿ ಬೆಳೆಗಾರರ ಸಭೆಯಲ್ಲಿ ಭಾಷಣ ಮಾಡಿದರು. ದಿಲ್ಲಿಯಲ್ಲಿ ಬೇರೆಯವರ ಹೆಸರು ನಿಕ್ಕಿಯಾಯಿತು.

ವಾರದ ಮೇಲೆ ಕಚೇರಿಯಲ್ಲಿ ಯಾರೋ ಆ ಪದದ ಅರ್ಥ ಬಿಡಿಸಿ ಹೇಳಿದರು. ಉಳಿದವರು ಮಾವನ ಮುಖಕ್ಕೆ ಉಗಿಯುವುದೊಂದು ಬಾಕಿ. ಸಾಹೇಬರು ಮಾತ್ರ ಏನೂ ಅನ್ನಲಿಲ್ಲವಂತೆ. “ದೇವರಂಥ ಮನುಷ್ಯಾ” ಎಂದು ಹೇಳುವಾಗ ಈಗಲೂ ಮಾವನ ಕಣ್ಣು ತುಂಬುತ್ತದೆ. ನಾಚಿಕೆಗೆ ಮಾವ ಆ ಊರನ್ನೇ ಬಿಟ್ಟು ನಾಶಿಕಕ್ಕೆ ಬಂದರು, ಓಝರಿನ ವಿಮಾನ ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದರು, ಮತ್ತೆ ಜನ್ಮದಲ್ಲಿ ಫೋನ್ ಮುಟ್ಟಲಿಲ್ಲ. ಇವತ್ತಿಗೂ ಮೊಬೈಲ್ ಬಡಿದುಕೊಂಡರೆ ಅತ್ತೆ ನಾಗಮ್ಮನವರೇ ಹಿಟ್ಟಿನ ಕೈಯಲ್ಲಿ ಓಡಬೇಕು.

ಫೋನಿನ ಬದಲು ಅವರು ಪೆನ್ನು ಹಿಡಿದರು. ಆ ಪುಸ್ತಕದಲ್ಲಿ ಗುಮಾಸ್ತನಿಗೆ ಮಾತು ಸರಿಯಾಗಿ ಕೇಳಿಸುತ್ತದೆ, ಸಾಹೇಬರು ದಿಲ್ಲಿಗೆ ಹೋಗುತ್ತಾರೆ, ಪ್ರಧಾನಿಯಾಗುತ್ತಾರೆ, ಮುಂದಿನ ಮೂರು ಚುನಾವಣೆ ಗೆಲ್ಲುತ್ತಾರೆ. ಬೀದರಿನಿಂದ ನಾಶಿಕಕ್ಕೆ ದಿನಕ್ಕೆರಡು ರೈಲು ಓಡುತ್ತವೆ. ಇಗತಪುರಿ ಸ್ಟೇಷನ್ನಿನ ಛಾವಣಿ ಎಂಥಾ ಮಳೆಗೂ ಸೋರುವುದಿಲ್ಲ. ಗುಮಾಸ್ತ ಪ್ರಧಾನಿಯ ಜೊತೆ ದಿಲ್ಲಿಗೆ ಹೋಗುತ್ತಾನೆ. ಕಥೆ ಇಲ್ಲಿಗೆ ಬಂದಾಗಲೆಲ್ಲ ಅತ್ತೆ, “ನಾ ನಾಶಿಕದಾಗ ಇದ್ನೆಲ್ರಿ, ಆ ನಿಮ್ಮ ದೇಶದಾಗ ನನ್ನ ಲಗ್ನಾ ಯಾರ ಜೋಡಿ ಆಯ್ತು?” ಎಂದು ಕೇಳುತ್ತಾರೆ. ಅದಕ್ಕೆಂದೇ ಮಾವ ನಾಲ್ಕನೇ ರಜಿಸ್ಟರಿನಲ್ಲಿ, ಪ್ರಧಾನಿಗೆ ದ್ರಾಕ್ಷಿ ತರಲು ಗುಮಾಸ್ತನನ್ನು ದಿಲ್ಲಿಯಿಂದ ನಾಶಿಕದವರೆಗೆ ಕಳಿಸಿದ್ದಾರೆ. ದಿಲ್ಲಿಯಲ್ಲಿ ದ್ರಾಕ್ಷಿ ಸಿಗುವುದಿಲ್ಲವೇ ಎಂದು ಕೇಳಿ ನಾನು ಒಂದು ದಿನ ಪೂರ್ತಿ ಅವರ ಮೌನಕ್ಕೆ ಗುರಿಯಾದೆ.

ಎಂಟು ಸೀಟು ಕಡಿಮೆ ಮಾಡಿದ ಆ ಭಾನುವಾರವೇ ಒಂದು ಕಾಯ್ದೆ ಟೈಪ್ ಮಾಡುವುದು ಬಂತು. ಸಾಹೇಬರ ಸರ್ಕಾರದಲ್ಲಿ ಫೋನ್ ಎತ್ತಿದವನು ಆ ಕಡೆಯವರು ಅಂದ ಮಾತನ್ನು ಅಂದಹಾಗೇ ಚೀಟಿಯಲ್ಲಿ ಬರೆದುಕೊಡಬೇಕು.

“ಇದು ನಂದೇ ಪದ್ಧತಿ. ಆ ದಿನಾನೂ ಬಾಯಿಲೆ ಹೇಳಿ, ಮ್ಯಾಲ ಚೀಟೀನೂ ಬರದು ಕೈಯಾಗ ಕೊಟ್ಟಿದ್ದೆ” ಎಂದರು ಮಾವ.

ನನ್ನ ಬೆರಳು ನಿಂತವು. “ಚೀಟ್ಯಾಗ ಏನಂತ ಬರದಿದ್ರಿ, ಮಾಮಾ?”

“ಅವರು ಅಂದಂಗ. ಮರಾಠಿ ಮಾತು, ಕನ್ನಡ ಅಕ್ಷರ. ಉದ್ಯಾ ನಾಹಿ ಆಲೇ ತರ ಪರವಾ ನಾಹಿ. ಸಾಹೇಬ್ರು ಕನ್ನಡಕ ಹಾಕ್ಕೊಂಡು ಓದಿ ಕಿಸೇದಾಗ ಇಟ್ಕೊಂಡ್ರು.”

ನಾನು ಅವರ ಮುಖ ನೋಡಿದೆ. ಭಾಲ್ಕಿಯಲ್ಲಿ ಹಾಲು ಹಾಕುವವನಿಗೂ ಪರವಾ ಎಂದರೇನು ಗೊತ್ತು. ಸಾವಿರಾರು ಜನರ ಮುಂದೆ ಮರಾಠಿಯಲ್ಲಿ ಭಾಷಣ ಹೊಡೆದು ವೋಟು ತೆಗೆದುಕೊಂಡ ಬೀದರಿನ ಮನುಷ್ಯನಿಗೆ ಗೊತ್ತಿರಲಿಲ್ಲವೇ? ಏಳು ರಜಿಸ್ಟರ್ ತುಂಬಿಸಿದ ಈ ಪುಣ್ಯಾತ್ಮರಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ತಲೆ ಚಚ್ಚಿಕೊಳ್ಳುವಂತಾಯಿತು. ಬಾಯಿ ಬಿಡಲಿಲ್ಲ. ದೇವರೆಂದು ನಂಬಿಕೊಂಡಿದ್ದಾರೆ, ನಾನ್ಯಾಕೆ ಕೆಡಿಸಲಿ ಎಂದುಕೊಂಡೆ.

ಅದೇ ವಾರ ಸಾಹೇಬರ ಮಗಳು ಕುಸುಮಾವತಿ ಫೋನ್ ಮಾಡಿದರು. ಅಪ್ಪಾಜಿಗೆ ತೊಂಬತ್ತಾಯಿತು, ಹಾಸಿಗೆ ಹಿಡಿದಿದ್ದಾರೆ, ಹಳೆಯವರು ಯಾರಾದರೂ ಬಂದರೆ ಖುಷಿಪಡುತ್ತಾರೆ ಎಂದರು. ಮಾವ ಆ ದಿನ ಊಟ ಮಾಡಲಿಲ್ಲ.

“ಅವರು ಹೋಗೋದ್ರಾಗ ಒಂದ್ಸಲ ಕಾಲು ಹಿಡೀಬೇಕು, ಅನೂ. ಕ್ಷಮಾ ಮಾಡಿನಿ ಅಂತ ಅವರ ಬಾಯಿಲೆ ಬಂದ್ರ ನಾ ಬರಿಯೋದು ಬಿಟ್ಟುಬಿಡ್ತೀನಿ. ಆಣಿ ಮಾಡ್ತೀನಿ.”

ಬರೆಯುವುದು ಬಿಡುತ್ತೇನೆ ಎಂದದ್ದೇ ತಡ, ನಾನು ರಜೆ ಹಾಕಿದೆ. ಓಂಕಾರನಿಗೆ ಶಿಫ್ಟ್ ಇತ್ತು, ಕಾರು ನಾನೇ ಓಡಿಸಿದೆ. ಹಿಂದಿನ ಸೀಟಿನಲ್ಲಿ ಅತ್ತೆ, ಮುಂದೆ ಮಾವ, ಅವರ ತೊಡೆಯ ಮೇಲೆ ಮೊದಲನೇ ರಜಿಸ್ಟರ್. ನಾಶಿಕದಿಂದ ವೈಜಾಪುರದವರೆಗೂ ಮಾವ ಏನು ಹೇಳಬೇಕೆಂದು ತಾಲೀಮು ಮಾಡಿದರು. ಅತ್ತೆ ತಡೆಯಲಾರದೆ, “ಕ್ಷಮಾ ಮಾಡ್ರಿ ಅನ್ಲಕ್ಕ ಇಷ್ಟ ಮಾತ ಯಾಕ್ರಿ? ಮಂತ್ರಿಗೋಳು ಪ್ರಮಾಣಾ ಮಾಡೂದೂ ಇಷ್ಟ ಉದ್ದ ಇರಂಗಿಲ್ಲ” ಎಂದರು.

ಸಾಹೇಬರು ಮೂರು ದಿಂಬಿಗೆ ಒರಗಿ ಕೂತಿದ್ದರು. ಮೈ ಇಳಿದಿತ್ತು, ಕಣ್ಣು ಚುರುಕಾಗಿಯೇ ಇದ್ದವು. ಕುಸುಮಾವತಿ ನಮಗೆ ಕುರ್ಚಿ ಹಾಕಿದರು. ಮಾವ ಕುರ್ಚಿಯಲ್ಲಿ ಕೂರದೆ ನೆಲಕ್ಕೆ ಕೂತು ಸಾಹೇಬರ ಪಾದ ಹಿಡಿದರು. ತಾಲೀಮು ಮಾಡಿದ ಒಂದು ಮಾತೂ ಬರಲಿಲ್ಲ.

“ನನ್ನ ಗಲತಿಯಿಂದ ದೇಶಾ ಹಾಳಾಯ್ತ್ರಿ ಸಾಹೇಬ್ರ. ನೀವು ಎಲ್ಲಿರಬೇಕಾಗಿತ್ತು, ಎಲ್ಲಿ ಉಳದ್ರಿ. ನನಗ ಕ್ಷಮಾ ಮಾಡ್ರಿ.”

ಸಾಹೇಬರು ಅವರ ತಲೆಯ ಮೇಲೆ ಕೈಯಿಟ್ಟರು. “ಆಯ್ತು ಬಿಡೋ ಮನ್ಮಥಾ. ನೀ ಆಗ ಹೊಸಬಾ, ನಿನಗೇನ್ ತಿಳೀತದ. ನಾ ಯಾವಾಗೋ ಕ್ಷಮಾ ಮಾಡಿನಿ.”

ಅಲ್ಲಿಗೆ ಮುಗಿಯಬೇಕಿತ್ತು. ಮಾವ ಬಯಸಿದ್ದು ಸಿಕ್ಕಿತ್ತು, ನನ್ನ ಭಾನುವಾರಗಳೂ ನನಗೆ ವಾಪಸ್ ಬಂದಿದ್ದವು. ಆದರೆ ಆ ಕೈ ಮಾವನ ನೆತ್ತಿಯ ಮೇಲೆ ಆಶೀರ್ವಾದ ಮಾಡುವಂತೆ ಕೂತದ್ದನ್ನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಕ್ಷಮಿಸಿದರಂತೆ!

“ಸಾಹೇಬ್ರ, ಅವತ್ತ ಚೀಟಿ ಓದಿದ್ರೇನ್ರಿ?”

“ಯಾವ ಚೀಟಿ?”

“ಮಾಮಾ ಬರಕೊಟ್ಟಿದ್ದು. ಮರಾಠಿ ಮಾತು ಇದ್ದಂಗ ಬರದಿದ್ರು. ನೀವು ಓದಿ ಕಿಸೇದಾಗ ಇಟ್ಕೊಂಡ್ರಂತ. ನಿಮಗ ಮರಾಠಿ ಬರ್ತಿತ್ತಲ್ರಿ?”

“ಅನೂ!” ಎಂದರು ಮಾವ. ಅತ್ತೆ ನನ್ನ ಸೆರಗು ಜಗ್ಗಿದರು. ನಾನು ಕದಲಲಿಲ್ಲ.

ಸಾಹೇಬರು ಕಿಟಕಿಯ ಕಡೆ ನೋಡಿದರು. ಮಗಳಿಗೆ ನೀರು ತಾ ಎಂದರು. ಮಗಳು ಒಳಗೆ ಹೋದ ಮೇಲೆ ಮಾತಾಡಿದರು.

“ಓದಿದ್ದೆ ಅವ್ವಾ. ಪರವಾ ಅಂದ್ರ ನಾಡಿದ್ದು ಅಂತ ನನಗ ತಿಳಿದಿತ್ತು. ಅಂಜಿದೆ. ಅಷ್ಟು ದೊಡ್ಡ ಕುರ್ಚಿ. ಅಲ್ಲಿ ಕುಂತವರನ್ನ ಆರ ತಿಂಗಳದಾಗ ಹರಕೊಂಡ ತಿಂತಾರ ಅಂತ ನೋಡಿದ್ದೆ. ಹೋಗಬಾರದು ಅಂತ ನೆವಾ ಹುಡುಕ್ತಿದ್ದೆ, ಇಂವಾ ಬಂದು ಪರವಾ ಇಲ್ಲ ಅಂದಾ.” ಅವರ ದನಿ ಸಣ್ಣದಾಯಿತು. “ಆಮೇಲೆ ಎಲ್ಲಾರೂ ಇವನ್ನ ಬೈಯುವಾಗ ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ.”

ಮಾವ ಹಿಡಿದಿದ್ದ ಪಾದವನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟು, ಸರಿದಿದ್ದ ಚಾದರವನ್ನು ಅದರ ಮೇಲೆ ಹೊದಿಸಿದರು. ಗೋಡೆ ಹಿಡಿದು ಎದ್ದು ನಿಂತರು.

“ಪರವಾ ಇಲ್ರಿ, ಸಾಹೇಬ್ರ” ಎಂದರು.

ವಾಪಸ್ ಬರುವಾಗ ಕಾರು ಗಂಗಾಪುರದ ಕ್ರಾಸ್ ದಾಟಿತು. ಅತ್ತೆ ಸಿಡಿದರು. “ಮೂವತ್ತೈದ ವರ್ಷಾ! ಒಂದ್ ಚೀಟಿ ಸಲುವಾಗಿ ಮನ್ಯಾಗ ಒಬ್ಬರಿಗೂ ನೆಮ್ಮದಿ ಕೊಡಲಿಲ್ಲ. ಆ ಸಾಹೇಬ್ರು ಅಲ್ಲಿ ಆರಾಮ ಮಲ್ಕೊಂಡಿದ್ರು!” ಮಾವ ರಜಿಸ್ಟರಿನ ರಟ್ಟನ್ನು ಸವರುತ್ತಲೇ ಇದ್ದರು. ನಾನು ಕೇಳಬಾರದಿತ್ತು ಎಂದು ನಾಶಿಕ ಮುಟ್ಟುವವರೆಗೂ ನನ್ನನ್ನು ನಾನೇ ಬೈದುಕೊಂಡೆ. ಸುಳ್ಳು ಕ್ಷಮೆಯಾದರೇನು, ಅವರಿಗೆ ಸಾಕಾಗಿತ್ತಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಮಾವ ಕುರ್ಚಿ ಎಳೆದುಕೊಂಡು ನನ್ನ ಲ್ಯಾಪ್‌ಟಾಪಿನ ಪಕ್ಕ ಬಂದು ಕೂತರು.

“ಬರಿಯೋದು ಬಿಡ್ತೀನಿ ಅಂತ ಆಣಿ ಮಾಡಿದ್ರಿ” ಎಂದೆ.

“ಬರಿಯಂಗಿಲ್ಲ. ಒಂದು ಶಬ್ದ ಅಳಸೋದದ. ಮೊದಲನೇ ಪುಟಾ ತೆಗಿ.”

ತೆಗೆದೆ. ‘ದೇಶದ ಕ್ಷಮೆ ಕೋರಿ, ಒಬ್ಬ ಮೂರ್ಖ ಗುಮಾಸ್ತ.’ ಮಾವ ಪರದೆಯ ಹತ್ತಿರ ಬಗ್ಗಿ, ‘ಮೂರ್ಖ’ ಎಂಬ ಪದದ ಮೇಲೆ ಬೆರಳಿಟ್ಟರು.

“ಇದೊಂದು.”

“ಕ್ಷಮೆ ಕೋರಿ ಅನ್ನೋದು ಇರ್ಲೇನ್ರಿ?”

“ಇರ್ಲಿ. ನಾ ತಪ್ಪು ಕೇಳಿಸ್ಕೊಂಡಿದ್ದಂತೂ ಖರೇನ ಅದಲ್ಲ?”

ನಾನು ಒಂದೊಂದೇ ಅಕ್ಷರ ಅಳಿಸಿದೆ. ಕಣ್ಣು ಮಂಜಾಗಿ ಪಕ್ಕದ ಪದವೂ ಅರ್ಧ ಅಳಿದುಹೋಗಿ, ಅದನ್ನು ಮತ್ತೆ ಟೈಪ್ ಮಾಡಬೇಕಾಯಿತು. ಅಷ್ಟರಲ್ಲಿ ಹೊರಗಿನ ಕೋಣೆಯಲ್ಲಿ ಅತ್ತೆಯ ಮೊಬೈಲ್ ಬಡಿದುಕೊಂಡಿತು. “ಅನೂ, ನನ್ನ ಕೈ ಹಿಟ್ಟಾಗ್ಯಾದ, ನೋಡವ್ವಾ” ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರು. ನಾನು ಕಣ್ಣೊರೆಸಿಕೊಂಡು ಏಳುವಷ್ಟರಲ್ಲಿ ಪಕ್ಕದ ಕುರ್ಚಿ ಖಾಲಿಯಾಗಿತ್ತು.

ಗ್ಯಾಸಿನವರ ಫೋನು. ಮಾವ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಿದ್ದರು. ಮರಾಠಿಯಲ್ಲಿ ಏನೋ ಕೇಳಿದರು, ಅದನ್ನೇ ಇನ್ನೊಮ್ಮೆ ಕೇಳಿದರು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ನಾಗಮ್ಮಾ, ಸಿಲಿಂಡರ್ ನಾಡಿದ್ದು ಬರ್ತದಂತ. ನಾಳಿ ಅಲ್ಲ, ನಾಡಿದ್ದು. ಎರಡ ಸಲ ಕೇಳಿನಿ.”