ನಾನೇ ನಿಲ್ಲಿಸಿದ ಮೂರು ಕಲ್ಲು

ಹಳದಿಯದು ಏನೋ ಕಂಡಿತು, ಬದುವಿನ ಕಡೆ, ಹುಣಸೆ ಬುಡದಲ್ಲಿ — ನಿಂಬೆಹಣ್ಣು, ಮತ್ತೆ ಹೊಸದು, ನಾನಂತೂ ಇಟ್ಟದ್ದು ಒಂದೇ ಸಲ, ಈ ಸಲದ ಕಡಲೆಕಾಯಿ ಬಿತ್ತಿದ ಮಾರನೆಯ ದಿನ, ಮೂರು ಕಲ್ಲು ನಿಲ್ಲಿಸಿ ಅರಿಸಿನ ಬಳಿದು ಕುಂಕುಮ ಇಟ್ಟು, ಯಾರಾದರೂ ನೋಡಿಯಾರೆಂದು ಹಿಂದೆ ಮುಂದೆ ನೋಡಿದ್ದೆ, ನಗುವೂ ಬಂದಿತ್ತು. ಇನ್ನೇನು ಮಾಡಲಿ, ಊರಿಗೆಲ್ಲ ನನ್ನ ಹೊಲವೇ ಪರಿಗಿ ರೋಡಿಗೆ ಅಡ್ಡದಾರಿ, ಬಿತ್ತಿದ್ದನ್ನು ತುಳಿಯುವುದು, ಬೋರ್ಡು ನೆಟ್ಟರೆ ಕಿತ್ತು ಒಲೆಗೆ ಹಾಕುವುದು, ಕೇಳಿದರೆ ಏಮಕ್ಕಾ, ನಿನ್ ಹೊಲ ಏನ್ ಸವ್ದೋಯ್ತದಾ ಅನ್ನುವುದು. ಹಿಂದೂಪುರದ ಲಾಯರು ಕನ್ನಡಕ ಒರೆಸುತ್ತ ಹೇಳಿದ್ದರು, ನೋಡು ಕೊಂಡಮ್ಮ, ತಂತಿಗೆ ಕರೆಂಟ್ ಬಿಟ್ಟು ಯಾರಾನ ಸತ್ರೆ ಕೇಸು ನಿನ್ ಮ್ಯಾಲೇ, ಕೈ ಮಾಡಿದ್ರೂ ಕೇಸೇ — ಕಲ್ಲಿಗೆ ಯಾವ ಕೇಸು, ದೇವರಿಗೆ ಯಾರು ನೋಟಿಸು ಕೊಡುತ್ತಾರೆ, ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಲ್ಲಿ ಹತ್ತಿರ ಒಂದು ಮಾತು ಬಿಟ್ಟೆ, ಅಲ್ಲಿ ಮುನೇಶ್ವರ ಅವ್ನಂತೆ ಕಣಮ್ಮ, ಬಸುರಿ ಎಂಗಸ್ರು ದಾಟ್ಬಾರ್ದಂತೆ — ಬಸುರಿಯರನ್ನು ಯಾಕೆ ಸೇರಿಸಿದೆ, ಜನ ನಂಬಲಿ ಎಂದು, ಅಷ್ಟೇ, ಸಾರಿಗೆ ಉಪ್ಪು ಹಾಕಿದ ಹಾಗೆ.

ಆಮೇಲೆ ಒಂದು ಮಧ್ಯಾಹ್ನ, ಹಿಂದಿನ ರಾತ್ರಿಯ ಮಳೆಗೆ ಹಳ್ಳ ಉಕ್ಕಿ ಊರಿನ ದಾರಿಯನ್ನು ಕಿತ್ತು ಹಾಕಿತ್ತು, ಆಂಬುಲೆನ್ಸು ರೋಡಿನಲ್ಲೇ ನಿಂತಿತ್ತು, ಶಿವಯೋಗಪ್ಪನ ಹೆಂಡತಿ ತನುಜಾಳಿಗೆ ನೋವು, ಮಂಚದ ಮೇಲೆ ಹೊತ್ತು ಈ ಬದುವಿನ ತನಕ ಬಂದರು, ನನ್ನ ಹೊಲ ದಾಟಿದರೆ ಹತ್ತೇ ನಿಮಿಷ, ನಾನು ಇಲ್ಲೇ ಕಳೆ ತೆಗೆಯುತ್ತಿದ್ದೆ, ತನುಜಾಳೇ ಅಂದಳು, ಬ್ಯಾಡ ಕಣಪ್ಪ, ಮಗೀಗೆ ಏನಾನ ಆಗ್ಬುಟ್ತದೆ, ಸುತ್ಕಂಡೇ ಹೋಗಾನ — ಬಾಯಿ ತೆರೆದೆ, ಬನ್ನಿ, ಅದು ದೇವರಲ್ಲ, ನಾನೇ ನಿಲ್ಲಿಸಿದ ಕಲ್ಲು ಎನ್ನಲು ಎಷ್ಟು ಹೊತ್ತು ಬೇಕು, ಮಾನ ಹೋಗುತ್ತದೆ ಎಂದುಕೊಂಡೆ, ನಾಳೆಯಿಂದ ಮತ್ತೆ ತುಳಿಯುತ್ತಾರೆ ಎಂದೂ ಅಂದುಕೊಂಡೆ, ಹೌದು, ಆಗಲೂ ನನಗೆ ಕಡಲೆಗಿಡವೇ ನೆನಪಾಯಿತು, ಥೂ ನನ್ನ ಜನ್ಮಕ್ಕೆ. ಮಂಚ ಕೆರೆ ಏರಿಯ ಕಡೆ ತಿರುಗಿತು. ಸುತ್ತಿಕೊಂಡು ಹೋಗಲು ಒಂದು ಗಂಟೆ. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ, ಪೊಲೀಸರೂ ಬರಲಿಲ್ಲ, ಲಾಯರು ಬಯಸಿದ ಹಾಗೆ ಕೇಸೇ ಇಲ್ಲ. ಆಮೇಲೆ ಶಿವಯೋಗಪ್ಪ ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ, ಅಕ್ಕಾ, ಬ್ಯಾಸ್ಗೇಲಿ ಅವ್ಳು ಗೊತ್ತಿಲ್ದೆ ನಿನ್ ಹೊಲ ದಾಟ್ಬುಟ್ಟಿದ್ಲು, ಅದ್ಕೇ ಸ್ವಾಮಿ ಸಿಟ್ಟಾಗವ್ನೆ, ವಾರಕ್ಕೊಂದು ನಿಂಬೆಹಣ್ಣು ಇಟ್ ಹೋಯ್ತೀನಿ, ಹೊಲದೊಳಿಕ್ಕೆ ಕಾಲಿಡಕಿಲ್ಲ, ನಿನ್ ಅಪ್ಪಣೆ ಬೇಕು ಅಂದ. ಯಾರೂ ಕೇಳದ ಅಪ್ಪಣೆಯನ್ನು ಅವನೊಬ್ಬ ಕೇಳಿದ, ಕೊಟ್ಟೆ. ಇವತ್ತು ಹೇಳಿಬಿಡುತ್ತೇನೆ, ಕಲ್ಲು ಕಿತ್ತು ಹಳ್ಳಕ್ಕೆ ಎಸೆಯುತ್ತೇನೆ, ಇಗೋ ಬಗ್ಗಿದೆ, ಕೈ ಚಾಚಿದೆ — ಇವತ್ತು ಹಣ್ಣು ಒಂದಲ್ಲ, ದೊಡ್ಡದರ ಪಕ್ಕದಲ್ಲಿ ಇನ್ನೊಂದು ಇಟ್ಟಿದ್ದಾನೆ, ಚಿಕ್ಕದು, ಅದಕ್ಕೂ ಕುಂಕುಮ ಹಚ್ಚಿದ್ದಾನೆ, ಚಿಕ್ಕದು