ಮುಯ್ಯಿ ಹೆಂಚು

ಭರಣಿ ಸುರಿದರೆ ಧರಣಿ ಬದುಕೀತು ಎಂಬ ಮಾತಿದೆ. ಯುದ್ಧ ಶುರುವಾಗಿ ಐದನೆಯ ವರ್ಷದ ಆ ಬೇಸಿಗೆಯಲ್ಲಿ ಭರಣಿ ಸುರಿಯಲಿಲ್ಲ, ಬೀಸಿತು. ಮಧ್ಯಾಹ್ನ ಮೂರರ ಹೊತ್ತಿಗೆ ಆತಗೂರಿನ ಪಡುವಣದಿಂದ ಎದ್ದ ಗಾಳಿ ಕೆರೆ ಏರಿಯ ಮೇಲಿನ ಎರಡು ಹುಣಸೆಮರಗಳನ್ನು ಉರುಳಿಸಿ, ಹುಲ್ಲಿನ ಬಣವೆಗಳನ್ನು ಬಿಚ್ಚಿ, ಚಿಕ್ಕಬೋರಮ್ಮನ ಮನೆಯ ಬಲಮಗ್ಗುಲಿನ ಮಾಡನ್ನು ಕಿತ್ತು ಬೀದಿಗೆ ಎಸೆದು ಹೋಯಿತು. ಕಾಲು ಗಂಟೆಯ ಕೆಲಸ. ರಾಗಿ ತುಂಬಿಡುವ ಮಣ್ಣಿನ ವಾಡೆಯ ಪಕ್ಕ ಮುದುರಿ ಕುಳಿತಿದ್ದ ಅವಳು ತಲೆ ಎತ್ತಿ ನೋಡಿದಾಗ ಮನೆಯೊಳಗೆ ಆಕಾಶ ಇತ್ತು.

ಅವಳು ಕೂಗಲಿಲ್ಲ. ಗಂಡ ಮುದ್ದಯ್ಯ ಸತ್ತ ಎರಡು ವರ್ಷದಿಂದ ಅವಳ ಬಾಯಲ್ಲಿ ಮಾತು ಕಡಿಮೆ. ಮಕ್ಕಳಿಲ್ಲ, ಜಗಳವಾಡಲು ಅತ್ತೆಯೂ ಇಲ್ಲ. ಮಾತಾಡದವಳು ಎಲ್ಲದಕ್ಕೂ ಒಪ್ಪಿದವಳು ಎಂದು ಊರು ತಿಳಿದುಕೊಂಡಿತ್ತು. ಅವಳೂ ತಿದ್ದಿರಲಿಲ್ಲ.

ಮುದ್ದಯ್ಯ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸದಲ್ಲಿದ್ದವನು. ಮಂಗಳೂರು ಹೆಂಚನ್ನು ರೈಲಿನಲ್ಲಿ ಮದ್ದೂರಿಗೆ ತರಿಸಿ, ಅಲ್ಲಿಂದ ಗಾಡಿಯಲ್ಲಿ ಹುಲ್ಲು ಹಾಸಿ ಊರಿಗೆ ತಂದು ಈ ಮನೆ ಕಟ್ಟಿಸಿದ. ಅಷ್ಟಕ್ಕೆ ನಿಲ್ಲದೆ ಪೇಟೆಯ ಏಜೆಂಟನ ಮಾತು ಕೇಳಿ, ಬೆಂಕಿಗೂ ಬಿರುಗಾಳಿಗೂ ಸೇರಿಸಿ ಮನೆಯ ಮೇಲೆ ವಿಮೆ ಮಾಡಿಸಿದ. ಊರವರು ನಕ್ಕಿದ್ದರು. 'ಎತ್ತಿಗೆ ಲಾಳ ಕಟ್ಟೋದ ಕೇಳಿದ್ದೋ, ಗಾಳಿಗೂ ಕಟ್ತಾರೇನ್ಲಾ' ಅಂದಿದ್ದರು. ಆ ಕಾಗದ ಇನ್ನೂ ತಗಡಿನ ಪೆಟ್ಟಿಗೆಯಲ್ಲಿ, ಅವಳ ಮದುವೆ ಸೀರೆಯ ಮಡಿಕೆಯೊಳಗೆ ಇತ್ತು. ಗಂಡ ಹೋದ ಮೇಲೂ ವರ್ಷಕ್ಕೊಮ್ಮೆ ಕಂತನ್ನು ಭಾವ ಹೊನ್ನಯ್ಯನ ಕೈಯಲ್ಲಿ ತಪ್ಪದೆ ಕಳಿಸಿದ್ದಳು. ಹಾಗೆಂದು ಅವನ ಎದುರು ನಿಂತು ಮಾತಾಡಿದವಳಲ್ಲ. ಗಂಡನ ಅಣ್ಣನ ಎದುರು ತಮ್ಮನ ಹೆಂಡತಿ ಬಾಯಿ ಬಿಡುವುದು ಆ ಮನೆತನದಲ್ಲಿ ಇರಲಿಲ್ಲ. ಏನಿದ್ದರೂ ಬಾಗಿಲ ಕಂಬಕ್ಕೆ ಹೇಳುವಳು, ಅವನು ಕೇಳಿಸಿಕೊಳ್ಳುವನು.

ಗಾಳಿಯ ಮರುದಿನ ಬೆಳಿಗ್ಗೆ ಅವಳು ಕರೆಯದೆಯೇ ಮುಯ್ಯಾಳುಗಳು ಬಂದರು. ಮುಯ್ಯಿ ಎಂದರೆ ಕೂಲಿಯಲ್ಲ. ಇವತ್ತು ನಿನ್ನ ಮನೆಗೆ ನನ್ನ ಕೈ, ನಾಳೆ ನನ್ನ ಮನೆಗೆ ನಿನ್ನ ಕೈ. ಈ ಸಲ ಬರಿಗೈ ಸಾಲುವಂತಿರಲಿಲ್ಲ. ರೈಲು ವ್ಯಾಗನ್ನುಗಳೆಲ್ಲ ದಂಡಿಗೆ ಹೋಗಿ, ಮಂಗಳೂರು ಹೆಂಚು ಮದ್ದೂರಿನಲ್ಲೂ ಇಲ್ಲ, ಮಂಡ್ಯದಲ್ಲೂ ಇಲ್ಲ. ಹಾಗಾಗಿ ಒಬ್ಬೊಬ್ಬರೂ ತಮ್ಮ ತಮ್ಮ ಕೊಟ್ಟಿಗೆಯ ನಾಡಹೆಂಚು ಇಳಿಸಿ ಬುಟ್ಟಿಯಲ್ಲಿ ಹೊತ್ತು ತಂದರು. ಪದ್ಧತಿಯಂತೆ ಪ್ರತಿ ಹೆಂಚಿಗೂ ಕೊಟ್ಟವರ ಗುರುತು ಬಿತ್ತು, ಒಳಗಿನಿಂದ ಕಾಣುವಂತೆ, ಸುಣ್ಣದಲ್ಲಿ. ಹೊನ್ನಯ್ಯನದು ಎರಡು ಗೀಟು. ಪಕ್ಕದ ಮನೆಯ ಹೊಂಬಾಳಮ್ಮನದು ಚುಕ್ಕಿ. ಮುದುಕ ದೊಡ್ಡಸಿದ್ದಯ್ಯನದು ಏನೆಂದು ಅವನಿಗೇ ತಿಳಿಯದ ಒಂದು ಸೊಟ್ಟ ಸುತ್ತು. ಹೊತ್ತು ಇಳಿಯುವುದರೊಳಗೆ ಮಾಡು ಮುಚ್ಚಿತು. ಒಡೆದ ಮಂಗಳೂರು ಹೆಂಚಿನ ಚೂರನ್ನು ದಂಡ ಮಾಡಬಾರದೆಂದು ಬೀದಿಯ ಕೊಚ್ಚೆಗುಂಡಿಗೆ ತುಂಬಿ, ಗಾಡಿ ಸಲೀಸಾಗಿ ಹೋಗುವಂತೆ ತುಳಿದು ಗಟ್ಟಿ ಮಾಡಿದರು.

ಅಂದಿನಿಂದ ಚಿಕ್ಕಬೋರಮ್ಮ ಉಂಡು ಒರಗಿದಾಗಲೆಲ್ಲ ಅವಳ ಮೇಲೆ ಊರಿಗೆ ಊರೇ ಇರುತ್ತಿತ್ತು. ಗೀಟು, ಚುಕ್ಕಿ, ಸುತ್ತು. ಹೊಂಬಾಳಮ್ಮನ ಎಮ್ಮೆ ಬಿಸಿಲಿನಲ್ಲಿ ನಿಂತಿರುವುದು ಕಿಟಕಿಯಿಂದಲೇ ಕಾಣುತ್ತಿತ್ತು. ಆರಿದ್ರೆ ಮಳೆ ಹಿಡಿಯುವ ಮೊದಲು ಈ ಹೆಂಚುಗಳು ಹಿಂದಿರುಗಬೇಕು. ಹೆಂಚು ಹೊತ್ತು ಏಣಿ ಹತ್ತಿ ಮುಯ್ಯಿ ತೀರಿಸಲು ಅವಳ ಮನೆಯಲ್ಲಿ ಗಂಡಾಳಿಲ್ಲ. ವಿಮೆಯ ಹಣ ಬಂದರೆ ಕುಂಬಾರನಿಗೆ ಹೇಳಿ ಹೆಂಚು ಸುಡುವ ಗೂಡು ಇಡಿಸಿ, ತಂದವರಿಗೆಲ್ಲ ಹೊಸ ಹೆಂಚನ್ನೇ ಕೊಡಬಹುದು. ಬಾರದಿದ್ದರೆ ಬದುಕಿರುವ ತನಕ ಊರಿನ ಕೊಟ್ಟಿಗೆಗಳ ಕೆಳಗೆ ಮಲಗಿದ ಹಾಗೆ.

ಹೊನ್ನಯ್ಯ ಸ್ಕೂಲು ಮೇಷ್ಟ್ರ ಕೈಯಲ್ಲಿ ಕಂಪನಿಗೆ ಕಾಗದ ಬರೆಸಿದ. ಹದಿನೈದು ದಿನಕ್ಕೆ ಉತ್ತರ ಬಂತು. ಬುಧವಾರ ಇನ್ಸ್‌ಪೆಕ್ಟರು ಬಂದು ನಷ್ಟವನ್ನು ಕಣ್ಣಾರೆ ನೋಡುತ್ತಾರೆ.

ಈ ಸುದ್ದಿ ಕೇಳಿ ಹೊಂಬಾಳಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು.

"ಬೆಂಗ್ಳೂರಿಂದ ಬರೋರ್‌ಗೆ ಆಳ್ಬಿದ್ದ ಮನೆ ತೋರ್ಸಕಾಯ್ತದಾ? ನಮ್ಮೂರ ಮಾನ ಏನಾಗ್ಬೇಕು? ನೀ ಸುಮ್ಕಿರು, ನಾವ್ ನೋಡ್ಕತೀವಿ."

ಮಂಗಳವಾರವೆಲ್ಲ ನಾಲ್ಕು ಹೆಂಗಸರು ಸೇರಿ ಗಾಳಿಗೆ ಬಿರಿದಿದ್ದ ಗೋಡೆಗೆ ಮಣ್ಣು ಮೆತ್ತಿ ಸುಣ್ಣ ಬಳಿದರು, ಅಂಚಿಗೆ ಕೆಮ್ಮಣ್ಣಿನ ಪಟ್ಟಿ ಎಳೆದರು, ಅಂಗಳ ಸಾರಿಸಿದರು. ಬುಧವಾರ ಬೆಳಿಗ್ಗೆ ಹೊಂಬಾಳಮ್ಮ ಬಾಗಿಲಿಗೆ ಮಾವಿನ ಸೊಪ್ಪನ್ನೂ ಕಟ್ಟಿದಳು. ಮದುವೆ ಮನೆ ಇದ್ದ ಹಾಗಿತ್ತು.

ಇನ್ಸ್‌ಪೆಕ್ಟರು ಮದ್ದೂರು ಸ್ಟೇಷನ್ನಿನಿಂದ ಎತ್ತಿನ ಗಾಡಿಯಲ್ಲಿ ಬಂದರು. ಕರಿ ಕೋಟು, ಕೊಡೆ, ಚರ್ಮದ ಚೀಲ. ಕೆಟ್ಟ ಮನುಷ್ಯನಂತೆ ಕಾಣಲಿಲ್ಲ. ಮಜ್ಜಿಗೆ ಕೊಟ್ಟರೆ ಕುಡಿದು, ಲೋಟ ತಾವೇ ಕೆಳಗಿಟ್ಟರು. ಒಳಗೆ ಹೋಗಿ ನೋಡಿದರು, ಹೊರಗೆ ಬಂದು ನೋಡಿದರು, ಕೊಡೆಯ ತುದಿಯಿಂದ ಗೋಡೆ ತಟ್ಟಿದರು.

"ಮನೆ ಅಚ್ಚುಕಟ್ಟಾಗಿದೆಯಲ್ಲ. ನಷ್ಟ ಎಲ್ಲಿ?"

"ಅಯ್ಯೋ ಸ್ವಾಮಿ, ಅರ್ಧ ಮಾಡೇ ಆರೋಗಿತ್ತು. ನಾವೇ ಒದ್ಸುದ್ದು" ಎಂದ ಹೊನ್ನಯ್ಯ.

"ಈ ಹೆಂಚು ಕೊಂಡದ್ದಕ್ಕೆ ರಸೀದಿ?"

"ಕೊಂಡಿಲ್ಲ, ಮುಯ್ಯಿ. ನಮ್ ನಮ್ ಕೊಟ್ಗೆದು."

"ಕೂಲಿ ಚೀಟಿ?"

"ಕೂಲಿ ಯಾರ್ ಕೇಳುದ್ರು?" ದೊಡ್ಡಸಿದ್ದಯ್ಯ ಜಗಲಿಯಿಂದ ರೇಗಿದ. "ನಮ್ಮುಡ್ಗಿ ಮನೆ ಕಣ್ರೀ ಇದು!"

"ಒಡೆದ ಹೆಂಚಾದರೂ ಇರಬೇಕಲ್ಲ?"

"ಇದೆ. ನೀವ್ ಬಂದ್ರಲ್ಲ ಗಾಡೀಲಿ, ಅದ್ರ ಮ್ಯಾಲೇ ಬಂದ್ರಿ" ಎಂದ ಮುದುಕನೇ.

ನಾಲ್ಕಾರು ಜನ ನಕ್ಕರು. ಇನ್ಸ್‌ಪೆಕ್ಟರು ನಗಲಿಲ್ಲ. ಜಗಲಿಯ ಮೇಲೆ ಕುಳಿತು, ತೊಡೆಯ ಮೇಲೆ ಚೀಲವಿಟ್ಟು, ಅದರ ಮೇಲೆ ಕಾಗದ ಹರಡಿ ಬರೆದರು. ಬರೆದದ್ದನ್ನು ತಾವೇ ಓದಿ ಹೇಳಿದರು. ಮಾಡು ಸುಸ್ಥಿತಿಯಲ್ಲಿದೆ. ರಿಪೇರಿಗೆ ಮಾಲೀಕರ ಕೈಯಿಂದ ಏನೂ ಖರ್ಚಾಗಿಲ್ಲ. ಆದ್ದರಿಂದ ನಷ್ಟ ಇಲ್ಲ.

"ಕಂಪನಿ ಖರ್ಚು ತುಂಬಿಕೊಡುತ್ತದಮ್ಮ. ಖರ್ಚೇ ಆಗದಿದ್ದರೆ ತುಂಬುವುದು ಏನನ್ನು? ಊರವರು ಒಳ್ಳೆಯವರು, ನಿಮಗೆ ಹಾಗೆಯೇ ಕೊಟ್ಟಿದ್ದಾರೆ. ಇಲ್ಲಿ ಹೆಬ್ಬೆಟ್ಟು ಒತ್ತಿ."

ಹಾಗೆಯೇ ಕೊಟ್ಟಿದ್ದಾರೆ. ಆ ಮಾತು ಚಿಕ್ಕಬೋರಮ್ಮನ ಒಳಗೆ ಎಲ್ಲಿಗೋ ಹೋಗಿ ತಾಕಿತು. ಇಷ್ಟು ದಿನ ಮಲಗಿ ಓದಿದ ಸುಣ್ಣದ ಗುರುತುಗಳೆಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ಯಾವುದೂ ಹಾಗೆಯೇ ಬಂದದ್ದಲ್ಲ. ಇನ್ಸ್‌ಪೆಕ್ಟರು ಮಸಿಯ ಡಬ್ಬಿ ತೆರೆದು ಅವಳ ಕಡೆ ಚಾಚಿದರು. ಎಲ್ಲರೂ ನೋಡುತ್ತಿದ್ದರು. ಒತ್ತುತ್ತಾಳೆ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಅವಳು ಯಾವತ್ತು ಬೇಡ ಅಂದಿದ್ದಾಳೆ?

ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಚಿಕೊಂಡಳು. ನೆಟ್ಟಗೆ ಹಿತ್ತಲಿಗೆ ಹೋಗಿ, ಬಿದಿರೇಣಿಯನ್ನು ಎಳೆದು ತಂದು ಮಾಡಿಗೆ ಆನಿಸಿದಳು. ಸೀರೆ ಎತ್ತಿ ಕಟ್ಟಿ ಹತ್ತಿದಳು. ಗಂಡ ಸತ್ತವಳು ಏಣಿ ಹತ್ತುವುದನ್ನು ಆ ಬೀದಿ ನೋಡಿರಲಿಲ್ಲ. ಮೊದಲು ಕೈಗೆ ಸಿಕ್ಕ ಹೆಂಚನ್ನು ಕಿತ್ತು ತಿರುಗಿಸಿ ನೋಡಿದಳು. ಎರಡು ಗೀಟು.

"ಬಾವ," ಅಂದಳು, ಕಂಬಕ್ಕಲ್ಲ, ಅವನ ಮುಖಕ್ಕೇ. "ಇದು ನಿಮ್ದು. ತಗೊಳಿ."

ಹೊನ್ನಯ್ಯ ಕೈ ಚಾಚಲಿಲ್ಲ. ಕೊಟ್ಟ ಮುಯ್ಯಿಯನ್ನು ವಾಯಿದೆಗೆ ಮೊದಲು ಹಿಂದಕ್ಕೆ ತೆಗೆದುಕೊಂಡರೆ ಆ ಮನೆಗೂ ಈ ಮನೆಗೂ ಋಣ ಹರಿಯಿತು ಎಂದೇ ಅರ್ಥ. ಅವನ ಮುಖ ಕಪ್ಪಿಟ್ಟಿತು.

"ಬ್ಯಾಡ ಕಣಮ್ಮ. ಇಳಿ ಕೆಳೀಕೆ. ಊರು ಏನಂದಾತು?"

"ಊರು ಕೊಟ್ಟುದ್ದ ಕಂಪ್ನಿ ನುಂಗ್ತಾ ಅದೆ, ಬಾವ. ನಿಮ್ ಕೊಟ್ಗೆ ಕಿತ್ತುದ್ದು ನನ್ ಮನೆ ಉಳ್ಸಕೆ, ಇವ್ರ ದುಡ್ಡುಳ್ಸಕಲ್ಲ. ತಗೊಳಿ. ಗಾಳಿ ಬಿಟ್ಟೋದಂಗೇ ಇವ್ರು ನೋಡ್ಲಿ. ಆಮ್ಯಾಕೆ ನೀವು ಕೊಡ್ತೀನಂದ್ರೆ ನಾನು ಇಸ್ಕತೀನಿ."

ಊರು ಅವಳ ಬಾಯಿಂದ ಇಷ್ಟು ಉದ್ದದ ಮಾತು ಕೇಳಿರಲಿಲ್ಲ.

ಮೊದಲು ನಕ್ಕವಳು ಹೊಂಬಾಳಮ್ಮ. "ಅಯ್ ನಮ್ಮವ್ವ, ನನ್ ಬುದ್ಧಿಗಿಷ್ಟು ಮಣ್ಣಾಕ! ಮಾವಿನ್ ಸೊಪ್ಪು ಬೇರೆ ಕಟ್ಟುದ್ನಲ್ಲ!" ಎಂದು ತೋರಣವನ್ನು ಸೆಳೆದು ಎಮ್ಮೆಯ ಕಡೆಗೆ ಎಸೆದಳು. "ಲೇ ಬೋರಿ, ಚುಕ್ಕಿದೆಲ್ಲ ನಂದು ಕಣೇ, ಇತ್ಲಾಗ್ ಕೊಡು! ಏ, ನೋಡ್ತಾ ನಿಂತ್ಕಂಡ್ರಲ್ಲ, ನಿಮ್ಮಪ್ಪನ್ ಮನೆ ನಾಟ್ಕ್ವಾ? ಅತ್ರಲಾ ಮ್ಯಾಕೆ!"

ಹತ್ತಿದರು. ಹೊದಿಸಲು ಒಂದು ದಿನ ಹಿಡಿದ ಮಾಡನ್ನು ಬಿಚ್ಚಲು ಒಂದು ಗಂಟೆಯೂ ಹಿಡಿಯಲಿಲ್ಲ. ಒಬ್ಬೊಬ್ಬನೂ ತನ್ನ ಗುರುತು ನೋಡಿ ತನ್ನ ಹೆಂಚು ಇಳಿಸಿದ. ದೊಡ್ಡಸಿದ್ದಯ್ಯ ಕೆಳಗೆ ನಿಂತು, "ಸೊಟ್ಟದೆಲ್ಲ ನಂದು, ಸೊಟ್ಟದ ಮುಟ್ಬೇಡಿ" ಎಂದು ಕೂಗುತ್ತಿದ್ದ. ಕೊನೆಯಲ್ಲಿ ಹೊನ್ನಯ್ಯನೂ ಬಂದು ಏಣಿಯ ಕೆಳಗೆ ನಿಂತ. ತಮ್ಮನ ಹೆಂಡತಿಯ ಕೈಯಿಂದ ಎರಡು ಗೀಟಿನ ಹೆಂಚನ್ನು ಇಸಿದುಕೊಂಡ. ಅವನ ಕಣ್ಣು ಒದ್ದೆಯಾಗಿತ್ತೋ ದೂಳು ಬಿದ್ದಿತ್ತೋ, ಅವಳು ಕೆದಕಿ ನೋಡಲಿಲ್ಲ.

ಇನ್ಸ್‌ಪೆಕ್ಟರು ಮೊದಲು ಗದರಿದರು, ಆಮೇಲೆ ನಿಲ್ಲಿಸಿ ಎಂದರು, ಆಮೇಲೆ ಕೊಡೆಯೂರಿ ನಿಂತು ನೋಡಿದರು. ಚಿಕ್ಕಬೋರಮ್ಮ ಇಳಿದು ಬಂದು, ಒಳಗೆ ವಾಡೆಯ ಪಕ್ಕ ಮಣೆ ಹಾಕಿದಳು.

"ಬನ್ನಿ ಸ್ವಾಮಿ. ಗಾಳಿ ಬಂದಾಗ ನಾನಿಲ್ಲೇ ಕೂತಿದ್ದೆ. ಇಲ್ಕೂತು ಬರೀರಿ."

ಅವರು ಬಂದು ಕುಳಿತರು. ತಲೆಯ ಮೇಲೆ ಮುರಿದ ರೀಪುಗಳು, ಒಂದು ಕಡೆ ಗಾಳಿ ತಿರುಚಿದ್ದ ತೊಲೆ. ಹೆಂಚಿನ ಕೆಳಗಿನ ಮಬ್ಬಿನಲ್ಲಿ ಕಣ್ಣಿಗೆ ಬೀಳದೆ ಹೋದದ್ದೆಲ್ಲ ಈಗ ಬೆಳಕಿಗೆ ಬಂದಿತ್ತು. ಪಡುವಣದಲ್ಲಿ ಮೋಡ ಕಟ್ಟಿತ್ತು. ಬೀದಿಯ ತುಂಬ ಜನ ಹೆಂಚುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದರು.

"ನಾನು ಬರೆಯುವುದಿಲ್ಲ ಎಂದರೆ?" ಎಂದರು ಅವರು, ಮೆಲ್ಲಗೆ.

"ಕೂತಿರಿ. ಮೋಡ ಅದೆ. ಕೊಡೆ ತಂದಿದ್ದೀರಲ್ಲ."

ಮೊದಲ ಹನಿ ಬಿದ್ದದ್ದು ಕಾಗದದ ಮೇಲೆ. ನಷ್ಟ ಇಲ್ಲ ಎಂಬಲ್ಲಿ ಮಸಿ ಹರಡಿತು. ಇನ್ಸ್‌ಪೆಕ್ಟರು ಮನೆಯೊಳಗೇ ಕೊಡೆ ಬಿಚ್ಚಿದರು. ಹೊರಗಿನಿಂದ ಯಾರೋ ಕಿಸಕ್ಕೆಂದರು. ಅವರು ಆ ಹಾಳೆಯನ್ನು ಮಡಿಚಿ ಜೇಬಿಗೆ ಹಾಕಿ, ಬೇರೆ ಹಾಳೆ ತೆಗೆದರು.

ಬರೆದದ್ದನ್ನು ಅವಳು ಎರಡು ಸಲ ಓದಿಸಿದಳು. ಎರಡನೆಯ ಸಲ ಕೈ ಎತ್ತಿ ನಿಲ್ಲಿಸಿದಳು.

"ಮರ ಮೊದ್ಲೇ ಲಡ್ಡಾಗಿ ಟೊಳ್ಳಾಗಿತ್ತು ಅಂತ ಯಾಕ್ ಬರ್ದ್ರಿ? ಕೆತ್ತಿ ನೋಡಿ."

ಹೊನ್ನಯ್ಯ ಮಚ್ಚು ತಂದು ತೊಲೆಯ ತುದಿಯಿಂದ ಒಂದು ಚಕ್ಕೆ ಹಾರಿಸಿ, ಅವರ ಕೈಗೆ ಕೊಟ್ಟ. ಒಳಗೆ ಮರ ಬೆಲ್ಲದ ಬಣ್ಣದಲ್ಲಿ ಗಟ್ಟಿಯಾಗಿತ್ತು. ಇನ್ಸ್‌ಪೆಕ್ಟರು ಅದನ್ನು ಉಗುರಿನಿಂದ ಗೀರಿ ನೋಡಿ, ಆ ಸಾಲನ್ನು ಹೊಡೆದು ಹಾಕಿದರು. ಆಮೇಲೆ, ಯಾರೂ ಹೇಳದೆಯೇ, ಊರವರು ಎರವಲು ಕೊಟ್ಟ ಹೆಂಚನ್ನು ಮಾಲೀಕರು ಹಿಂದಿರುಗಿಸಬೇಕಾಗಿದೆ ಎಂದು ಕೆಳಗೆ ಇನ್ನೊಂದು ಸಾಲು ಸೇರಿಸಿ ಓದಿದರು.

ಆಗ ಅವಳು ಹೆಬ್ಬೆಟ್ಟು ಒತ್ತಿದಳು.

"ಕಂಪನಿ ಏನನ್ನುತ್ತದೋ ನನಗೆ ಗೊತ್ತಿಲ್ಲಮ್ಮ" ಎಂದರು ಅವರು ಗಾಡಿ ಹತ್ತುವಾಗ.

"ಇಲ್ಲ ಅಂದ್ರೆ ಇನ್ನೊಂದ್ಸಲ ಬರೇಳಿ. ಮನೆ ಇಲ್ಲೇ ಇರ್ತದೆ."

ಗಾಡಿ ಹೆಂಚಿನ ಚೂರಿನ ಮೇಲೆ ಕಿರಗುಟ್ಟುತ್ತ ಹೋಯಿತು. ಹನಿ ದಪ್ಪವಾಯಿತು. ಕರೆಯಿಲ್ಲ, ಮಾತಿಲ್ಲ, ಹೊನ್ನಯ್ಯ ಎರಡು ಗೀಟಿನ ಹೆಂಚನ್ನು ಹೆಗಲಿಗೇರಿಸಿ ಏಣಿಯ ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟು, ಅಲ್ಲೇ ನಿಂತು ಅವಳ ಕಡೆ ನೋಡಿದ. ಹಿಂದೆಂದೂ ಅವನು ಅವಳನ್ನು ಕೇಳಿ ಏನನ್ನೂ ಮಾಡಿರಲಿಲ್ಲ.

"ಒಲೆ ಮ್ಯಾಲೆ ಮಾತ್ರ ಮುಚ್ಚಿ, ಬಾವ" ಅಂದಳು. "ಮಿಕ್ಕುದ್ದು ಅಂಗೇ ಇರ್ಲಿ. ದನ ನೆನೀತಾವೆ, ಮೊದ್ಲು ಕೊಟ್ಗೆ ಒದ್ಸ್ಕಳಿ."

ನೆಲದ ಮೇಲೆ ಮಣ್ಣು, ಸುಣ್ಣದ ಚಕ್ಕೆ, ಮುರಿದ ರೀಪಿನ ಸಿಬಿರು. ಹೊಂಬಾಳಮ್ಮ ಅಭ್ಯಾಸಬಲದಿಂದ ಮೂಲೆಯ ಕಸಬರಿಕೆಗೆ ಕೈ ಹಾಕಿದಳು.

"ಬುಡವ್ವ" ಎಂದು ಚಿಕ್ಕಬೋರಮ್ಮ ಅದನ್ನು ಇಸಿದುಕೊಂಡು ಬಾಗಿಲ ಹಿಂದೆ ಇಟ್ಟಳು. "ಇನ್ ಯಾರ್ ಬಂದ್ರೂ ಗುಡಿಸ್ಬುಟ್ಟು ತೋರ್ಸಾಕಿಲ್ಲ."